ಗುರಿ ತಪ್ಪದವರ ದುರಂತ

ಬೀಳಬೇಕಾದರೆ ಮೊದಲು ಎತ್ತರದಲ್ಲಿರಬೇಕು. ದುರಂತ ನಾಟಕದ ಬಗ್ಗೆ ನಮಗೆ ಕಲಿಸಿದ ಮೊದಲ ಪಾಠ ಇದು. ನಾಯಕ ರಾಜನಾಗಿರಬೇಕು, ರಾಜಕುಮಾರನಾಗಿರಬೇಕು, ಹೋಗಲಿ, ಸೇನಾಪತಿಯಾದರೂ ಆಗಿರಬೇಕು. ಅವನು ಬಿದ್ದರೆ ರಾಜ್ಯ ನಡುಗಬೇಕು. ಅವನಲ್ಲೊಂದು ದೋಷವಿರಬೇಕು, ಆ ದೋಷದಿಂದಲೇ ಅವನು ಬೀಳಬೇಕು, ಬಿದ್ದ ಮೇಲೆ ತನ್ನ ತಪ್ಪು ತನಗೆ ತಿಳಿಯಬೇಕು, ನೋಡುವ ಜನ ಅತ್ತು ಹಗುರಾಗಿ ಮನೆಗೆ ಹೋಗಬೇಕು. ಹ್ಯಾಮರ್ಶಿಯಾ, ಹ್ಯೂಬ್ರಿಸ್, ಪೆರಿಪೆಟಿಯಾ, ಕೆಥಾರ್ಸಿಸ್. ಐದೈದು ಮಾರ್ಕಿನ ಟಿಪ್ಪಣಿಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಕೇರಿಗಳಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಇವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆವು, ಬರೆದೆವು, ಪಾಸಾದೆವು. ಹೆಬ್ಬೆಟ್ಟು ಒತ್ತುವ ನಮ್ಮಪ್ಪ-ನಮ್ಮವ್ವ ಆ ಮಾರ್ಕ್ಸ್ ಕಾರ್ಡನ್ನು ತಿರುವಿ ತಿರುವಿ ನೋಡಿದರು.

ಪಾಸಾದ ಮೇಲೂ ಒಂದು ಪ್ರಶ್ನೆ ಗಂಟಲಲ್ಲಿ ಮುಳ್ಳಿನಂತೆ ಉಳಿಯಿತು. ಏರಲಿಕ್ಕೇ ಬಿಡದ ಜನ ಬೀಳುವುದೆಂದರೇನು? ನೆಲದ ಮೇಲೆ ಮಲಗಿದವನನ್ನು ತುಳಿದರೆ ಅದಕ್ಕೆ ನಾಟಕಶಾಸ್ತ್ರದಲ್ಲಿ ಯಾವ ಹೆಸರು? ಇದನ್ನು ಮಾಸ್ತರರ ಪದವಿನೋದವೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ. ಕ್ಲಾಸಿನ ಶಬ್ದಗಳು ಕ್ಲಾಸಿನಲ್ಲೇ ಕೂಡುವುದಿಲ್ಲ. ನಮ್ಮ ಕಡೆ ಕೇರಿಯವನೊಬ್ಬ ಹೊಡೆಸಿಕೊಂಡು ಬಿದ್ದಾಗ ಅಗಸಿ ಕಟ್ಟೆಯ ಮೇಲೆ ಏಳುವ ಮೊದಲ ಮಾತು ಯಾವುದೆಂದು ಎಲ್ಲರಿಗೂ ಗೊತ್ತು: ‘ಅಂವಂದೂ ಏನರೆ ತಪ್ಪ ಇರಬೇಕ ಬಿಡ್ರಿ.’ ಹ್ಯಾಮರ್ಶಿಯಾ ಎಂಬ ಶಬ್ದವನ್ನೇ ಕೇಳದ ಗೌಡನಿಗೂ ಹ್ಯಾಮರ್ಶಿಯಾ ಚೆನ್ನಾಗಿ ಗೊತ್ತಿದೆ.

ಎಲಿಜಬೆತ್ ರಾಣಿಯ ಕಾಲ ನಮಗೆ ದೂರದ್ದೇನೂ ಅಲ್ಲ. ಅವಳು ಪಟ್ಟಕ್ಕೆ ಬಂದದ್ದು 1558, ತೀರಿಕೊಂಡದ್ದು 1603. ಶೇಕ್ಸ್‌ಪಿಯರ್ ಹುಟ್ಟಿದ್ದು 1564ರ ಏಪ್ರಿಲ್‌ನಲ್ಲಿ. ಅವನು ಒಂಬತ್ತು ತಿಂಗಳ ಕೂಸಾಗಿದ್ದಾಗ, 1565ರ ಜನೇವರಿಯಲ್ಲಿ, ನಮ್ಮ ತಾಳಿಕೋಟೆಯ ಹೆಸರು ಹೊತ್ತ ಯುದ್ಧದಲ್ಲಿ ವಿಜಯನಗರದ ಅಳಿಯ ರಾಮರಾಯನ ತಲೆ ಹೋಯಿತು. ಲಂಡನ್ನಿನಲ್ಲಿ ಹ್ಯಾಮ್ಲೆಟ್ ಆಡುವ ಹೊತ್ತಿಗೆ ವಿಜಾಪುರದ ಗದ್ದುಗೆಯ ಮೇಲೆ ಎರಡನೆಯ ಇಬ್ರಾಹಿಂ ಆದಿಲಶಾಹ ಕುಳಿತಿದ್ದ, ನವರಸದ ಹಾಡು ಕಟ್ಟಿ ‘ಕಿತಾಬ್-ಎ-ನವರಸ್’ ಮಾಡಿದವನು. ರಾಮರಾಯನನ್ನು ಅಳತೆಗೆ ಹಚ್ಚಿ ನೋಡಿರಿ, ದುರಂತ ನಾಯಕನ ಅಂಗಿ ಅವನಿಗೆ ಹೊಲಿಸಿದ ಹಾಗೆ ಕೂಡುತ್ತದೆ. ಕೃಷ್ಣದೇವರಾಯನ ಅಳಿಯ, ಗದ್ದುಗೆ ಇಲ್ಲದೆ ರಾಜ್ಯ ಆಳಿದವನು, ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ ಜಾಣ, ಕೊನೆಗೆ ಅವರೆಲ್ಲ ಒಂದಾಗಿ ಬಂದಾಗ ಆ ಜಾಣತನವೇ ಕೊರಳಿಗೆ ಬಂತು. ಗಿರೀಶ ಕಾರ್ನಾಡರು 2018ರಲ್ಲಿ ‘ರಾಕ್ಷಸ ತಂಗಡಿ’ ಬರೆದದ್ದು ಇವನನ್ನು ಹಿಡಿದುಕೊಂಡೇ. ತಂಗಡಗಿ ನಮ್ಮ ಮುದ್ದೇಬಿಹಾಳ ತಾಲ್ಲೂಕಿನ ಊರು. ಆದರೆ ಆ ದಂಡಿನ ಕುದುರೆಗೆ ಮೇವು ಹೊತ್ತವರು, ಸತ್ತ ಆನೆ-ಎತ್ತುಗಳನ್ನು ಎಳೆದು ಹಾಕಿದವರು, ಹೊಲದಾಗಿನ ಹೆಣಕ್ಕೆ ಕುಣಿ ತೋಡಿದವರು ಯಾರು? ನಮ್ಮ ಮುತ್ಯಾನ ಮುತ್ಯಾರೇ ಇರಬೇಕು. ಇತಿಹಾಸದ ಪುಟದಲ್ಲಿ ಅವರಿಲ್ಲ. ದುರಂತದ ವ್ಯಾಖ್ಯೆಯಲ್ಲೂ ಅವರಿಲ್ಲ.

ಇಲ್ಲಿಗೆ ನಿಲ್ಲಿಸಿ ಶೇಕ್ಸ್‌ಪಿಯರನನ್ನು ರಾಜರ ಕವಿ ಎಂದು ಬೈದು ಪುಸ್ತಕ ಮುಚ್ಚಬಹುದು. ನಮ್ಮ ಕೆಲವು ಗೆಳೆಯರು ಹಾಗೇ ಮಾಡುತ್ತಾರೆ. ನಮ್ಮಿಂದ ಅದಾಗಲಿಲ್ಲ, ಕಾರಣ ತೊಗಲು.

ಶೇಕ್ಸ್‌ಪಿಯರನ ಅಪ್ಪ ತೊಗಲು ಹದ ಮಾಡಿ ಕೈಚೀಲ ಹೊಲಿಯುವ ಕಸುಬಿನವನು. ಅದೇ 1564ರಲ್ಲಿ ಕ್ಯಾಂಟರ್ಬರಿಯಲ್ಲಿ ಹುಟ್ಟಿದ ಕ್ರಿಸ್ಟೋಫರ್ ಮಾರ್ಲೋನ ಅಪ್ಪ ಜೋಡು ಹೊಲಿಯುವವನು. ‘ಡಾಕ್ಟರ್ ಫಾಸ್ಟಸ್’ ಬರೆದ ಮಾರ್ಲೋ ಸ್ಕಾಲರ್‌ಶಿಪ್ಪಿನ ಮೇಲೆ ಸಾಲಿ ಕಲಿತು, ಸ್ಕಾಲರ್‌ಶಿಪ್ಪಿನ ಮೇಲೆ ಕೇಂಬ್ರಿಜ್ ಸೇರಿ 1584ರಲ್ಲಿ ಬಿ.ಎ. ಆದ. ಜೋಡು ಹೊಲಿಯುವವನ ಮಗ ಗ್ರಾಜುಯೇಟ್! ಈ ಮಾತು ಯಾವ ಗೈಡಿನಲ್ಲೂ ದಪ್ಪಕ್ಷರದಲ್ಲಿ ಇರಲಿಲ್ಲ. ಇದ್ದಿದ್ದರೆ ನಾವು ಹಿಂದಿನ ಬೆಂಚಿನಿಂದ ಎರಡು ಬೆಂಚು ಮುಂದೆ ಬಂದು ಕೂಡುತ್ತಿದ್ದೆವೋ ಏನೋ. ಇನ್ನು ಶೇಕ್ಸ್‌ಪಿಯರ್ ಯುನಿವರ್ಸಿಟಿಯ ಮುಖ ಕಂಡವನಲ್ಲ. 1592ರಲ್ಲಿ ರಾಬರ್ಟ್ ಗ್ರೀನ್ ಎಂಬ ಎಂ.ಎ. ಪಾಸಾದ ನಾಟಕಕಾರ ಅವನನ್ನು ಪರರ ಗರಿ ಸಿಗಿಸಿಕೊಂಡು ಮೆರೆಯುವ ಕಾಗೆಗೆ ಹೋಲಿಸಿದ. ಕಲಿತವರ ನಡುವೆ ಕಲಿಯದ ಮನೆಯವನು ಬಂದು ಬರೆದರೆ ಏಳುವ ಹೊಟ್ಟೆಯುರಿಗೆ ದೇಶ-ಕಾಲ ಇಲ್ಲ.

ರಂಗಮಂದಿರಗಳಾದರೂ ಎಲ್ಲಿದ್ದವು? ಊರ ಹೊರಗೆ. ಜೇಮ್ಸ್ ಬರ್ಬೇಜ್ 1576ರಲ್ಲಿ ಕಟ್ಟಿದ ‘ದಿ ಥಿಯೇಟರ್’ ಲಂಡನ್ನಿನ ಗೋಡೆಯಾಚೆ ಶೋರ್ಡಿಚ್‌ನಲ್ಲಿ. 1599ರ ಗ್ಲೋಬ್ ಥೇಮ್ಸ್ ಹೊಳೆಯ ದಕ್ಷಿಣ ದಂಡೆಯಲ್ಲಿ, ಸೂಳೆಗೇರಿಯ ಮತ್ತು ಕರಡಿಗೆ ನಾಯಿ ಬಿಡುವ ಅಖಾಡಗಳ ನೆರೆಯಲ್ಲಿ. ಊರಿನ ಹಿರಿಯರಿಗೆ ನಾಟಕದವರೆಂದರೆ ಹೊಲಸು. 1572ರ ಕಾಯದೆಯ ಪ್ರಕಾರ ಯಾವ ದೊಡ್ಡ ಒಡೆಯನ ಆಶ್ರಯವೂ ಇಲ್ಲದ ನಟ ಅಲೆಮಾರಿ, ಪೋಕರಿ. ಸಿಕ್ಕರೆ ಚಾಟಿಯೇಟು, ಕಿವಿಗೆ ಕಾಯಿಸಿದ ಕಬ್ಬಿಣ. ಇದೇ ಇಂಗ್ಲಿಷರು ಮುನ್ನೂರು ವರ್ಷದ ಮೇಲೆ ನಮ್ಮ ದೇಶದ ಅಲೆಮಾರಿಗಳಿಗೆ 1871ರ ಅಪರಾಧಿ ಬುಡಕಟ್ಟು ಕಾಯದೆ ಮಾಡಿದರು, ಆಮೇಲೆ ಅದನ್ನು ನಮ್ಮ ಮುಂಬಯಿ ಇಲಾಖೆಗೂ ಚಾಚಿದರು. ತಮ್ಮ ಮನೆಯಲ್ಲಿ ಹಳೆಯದಾದ ಚಾಟಿಯನ್ನು ನಮ್ಮ ಮನೆಗೆ ತಂದರು ಅನ್ನಿ. ಗ್ಲೋಬಿನ ಅಂಗಳದಲ್ಲಿ ಒಂದು ಪೆನಿ ಕೊಟ್ಟು ಬಿಸಿಲು-ಮಳೆಯಲ್ಲಿ ನಿಂತು ನೋಡುತ್ತಿದ್ದವರು ಕೂಲಿಕಾರರು, ಕಸುಬಿನ ಹುಡುಗರು. ಮೇಲಿನ ಅಟ್ಟದ ಕುರ್ಚಿಗೆ ಹೆಚ್ಚು ಪೆನಿ, ಮೆತ್ತೆ ಬೇಕಾದರೆ ಮತ್ತೂ ಒಂದು.

ಊರ ಹೊರಗೆ, ತೊಗಲಿನವರ ಮಕ್ಕಳು, ನಿಂತು ನೋಡುವ ಕೂಲಿಯವರಿಗಾಗಿ ಕಟ್ಟಿದ ನಾಟಕ ಇದು. ಅದರೊಳಗೆ ತೊಗಲಿನವನಿಗೆ ಕೊಟ್ಟ ಪಾತ್ರ ಯಾವುದು? ‘ಜೂಲಿಯಸ್ ಸೀಜರ್’ ತೆಗೆದು ನೋಡಿರಿ. ಮೊದಲ ದೃಶ್ಯದಲ್ಲೇ ಒಬ್ಬ ಚಮ್ಮಾರ ಬರುತ್ತಾನೆ. ಅಧಿಕಾರಿಗಳಿಬ್ಬರು ಅವನನ್ನು ತಡೆದು, ಕೆಲಸದ ದಿನ ಕಸುಬಿನ ಗುರುತಿಲ್ಲದೆ ಬೀದಿಗೆ ಹೇಗೆ ಬಂದೆ ಎಂದು ಗದರಿಸುತ್ತಾರೆ. ಪೇಶ್ವೆಗಳ ಕಾಲದಲ್ಲಿ ಕೊರಳಿಗೆ ಗಡಿಗೆ, ಸೊಂಟಕ್ಕೆ ಕಸಬರಿಗೆ ಕಟ್ಟಿಕೊಂಡು ಓಡಾಡಿದವರ ಮೊಮ್ಮಕ್ಕಳಿಗೆ ಈ ಗದರಿಕೆ ಹೊಸದಲ್ಲ. ಚಮ್ಮಾರ ನಾಲ್ಕು ಚುರುಕು ಮಾತಾಡಿ, ನಗಿಸಿ, ಹೊರಟು ಹೋಗುತ್ತಾನೆ. ಮತ್ತೆ ಬರುವುದಿಲ್ಲ. ಹ್ಯಾಮ್ಲೆಟ್‌ನ ಕುಣಿ ತೋಡುವವರು, ಮ್ಯಾಕ್‌ಬೆತ್‌ನ ಬಾಗಿಲು ಕಾಯುವವನು, ಎಲ್ಲರದೂ ಇದೇ ಪಾಡು: ದೊಡ್ಡವರ ಅಳುವಿನ ನಡುವೆ ಜನ ಉಸಿರು ಬಿಡಲೆಂದು ಇವರು ನಗಿಸಬೇಕು. ನಮ್ಮ ಕಂಪನಿ ನಾಟಕಗಳೂ ಈ ಕಲಿಕೆಯನ್ನು ಬಿಡಲಿಲ್ಲ. ರಾಜ ಗ್ರಂಥದ ಕನ್ನಡದಲ್ಲಿ ಅಳುತ್ತಾನೆ; ಆಳು ನಮ್ಮ ವಿಜಾಪುರದ ಮಾತಿನಲ್ಲಿ ನಗಿಸುತ್ತಾನೆ. ‘ರಕ್ತರಾತ್ರಿ’ ಬರೆದ ಕಂದಗಲ್ ಹನುಮಂತರಾಯರನ್ನು ಕರ್ನಾಟಕದ ಶೇಕ್ಸ್‌ಪಿಯರ್ ಎನ್ನುತ್ತಾರೆ, ವಿಜಾಪುರದ ರಂಗಮಂದಿರಕ್ಕೆ ಅವರದೇ ಹೆಸರು. ಅವರ ಮಾತಿನ ಅಬ್ಬರಕ್ಕೆ ರಾತ್ರಿಯೆಲ್ಲ ನಿದ್ದೆಗೆಟ್ಟವರು ನಮ್ಮ ಜನರೇ. ನಮ್ಮ ಆಡುಮಾತಿನಲ್ಲಿ ಅತ್ತರೆ ಅದು ಗಂಭೀರವಾಗುವುದಿಲ್ಲ ಎಂದು ನಮಗೆ ಒಪ್ಪಿಸಿದವರು ಯಾರು ಎಂಬುದು ಬೇರೆಯೇ ಒಂದು ಲೇಖನದ ಮಾತು.

ಒಂದು ವ್ಯತ್ಯಾಸ ಮರೆಯಬಾರದು. ಅಲ್ಲಿ ತೊಗಲು ಕೈಗೆ ಹತ್ತಿತ್ತು, ತೊಳೆದರೆ ಹೋಗುತ್ತಿತ್ತು. ಶೇಕ್ಸ್‌ಪಿಯರನ ಅಪ್ಪ 1568ರಲ್ಲಿ ಸ್ಟ್ರಾಟ್‌ಫರ್ಡ್ ಊರಿನ ಮುಖ್ಯಾಧಿಕಾರಿಯೇ ಆದ. ಇಲ್ಲಿ ತೊಗಲು ಹುಟ್ಟಿಗೆ ಹತ್ತಿತು.

ಈಗ ಶಬ್ದಗಳಿಗೆ ಬರೋಣ. ಹ್ಯಾಮರ್ಶಿಯಾ ಎಂದರೆ ದುರಂತ ದೋಷ ಎಂದು ಬರೆದರೆ ಐದಕ್ಕೆ ಮೂರು ಮಾರ್ಕು ಖಾತ್ರಿ. ಮ್ಯಾಕ್‌ಬೆತ್‌ಗೆ ಆಸೆ, ಒಥೆಲೋಗೆ ಸಂಶಯ, ಲಿಯರ್‌ಗೆ ಹೊಗಳಿಕೆಯ ಹುಚ್ಚು. ಆದರೆ ಗ್ರೀಕಿನಲ್ಲಿ ಆ ಶಬ್ದದ ಬೇರು ಬಿಲ್ಲುಗಾರಿಕೆಯಲ್ಲಿದೆ: ಗುರಿ ತಪ್ಪುವುದು. ಇದನ್ನು ಓದಿದಾಗ ನಮಗೆ ನೆನಪಾದವನು ಏಕಲವ್ಯ. ಅವನ ಗುರಿ ತಪ್ಪಲೇ ಇಲ್ಲ. ನಾಯಿಯ ಬಾಯಿಗೆ ಗಾಯವಾಗದಂತೆ ಬಾಣ ತುಂಬಿದವನು ಅವನು. ಗುರಿ ತಪ್ಪದ್ದಕ್ಕೇ ಹೆಬ್ಬೆರಳು ಹೋಯಿತು. ಅರಿಸ್ಟಾಟಲ್ ಇವನನ್ನು ಯಾವ ಖಾನೆಯಲ್ಲಿ ಇಡುತ್ತಿದ್ದ? ಕುವೆಂಪು 1947ರಲ್ಲಿ ‘ಬೆರಳ್‌ಗೆ ಕೊರಳ್’ ಬರೆದು ಬೆರಳಿನ ಲೆಕ್ಕವನ್ನು ಕೊರಳಿಗೆ ಹಚ್ಚಿದರು. ಅದಕ್ಕೂ ಮೊದಲು, 1944ರಲ್ಲಿ, ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನನ್ನು ಉಳಿಸಿದರು, ರಾಮನ ಬಾಣ ಶಂಬೂಕನನ್ನು ಬಿಟ್ಟು ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುವಂತೆ ಮಾಡಿದರು. ಮಾಸ್ತಿಯವರಿಗೆ ಇದು ಸೇರಲಿಲ್ಲ, ಹಳೆಯ ಕಥೆಯನ್ನು ತಿದ್ದಬಾರದೆಂದರು. ಆದರೆ 1929ರಲ್ಲಿ ಬಿ.ಎಂ.ಶ್ರೀ ಸೋಫೋಕ್ಲಿಸನ ‘ಏಜಾಕ್ಸ್’ ಹಿಡಿದು ‘ಅಶ್ವತ್ಥಾಮನ್’ ಬರೆದಾಗ ಏನು ಮಾಡಿದ್ದರು? ಪುರಾಣದ ಚಿರಂಜೀವಿಯನ್ನು ರಂಗದ ಮೇಲೆ ಸಾಯಿಸಿದ್ದರು. ಗುರುವಿನ ಮಗನಿಗೆ ದುರಂತದ ಘನತೆ ಕೊಡಲಿಕ್ಕೆ ಸಾಯದವನನ್ನು ಸಾಯಿಸಬೇಕಾಯಿತು. ಶಂಬೂಕನಿಗೆ ನ್ಯಾಯ ಕೊಡಲಿಕ್ಕೆ ಸತ್ತವನನ್ನು ಬದುಕಿಸಬೇಕಾಯಿತು. ಕನ್ನಡ ನಾಟಕದ ಈ ಎರಡು ತಿದ್ದುಪಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ನಮ್ಮ ಮತ ಕುವೆಂಪು ಕಡೆಗೆ. ಆದರೂ ಒಂದು ಅಸಮಾಧಾನ ಉಳಿಯುತ್ತದೆ: ಶಂಬೂಕ ಉಳಿದದ್ದರಿಂದ ರಾಮನ ಕೈಯೂ ರಕ್ತವಿಲ್ಲದೆ ಉಳಿಯಿತು.

ಅರಿಸ್ಟಾಟಲ್ ನಮ್ಮಂಥವರ ಬಗ್ಗೆ ಏನೂ ಹೇಳಿಲ್ಲ ಎಂದುಕೊಂಡಿದ್ದೆವು. ಹೇಳಿದ್ದಾನೆ. ‘ಪೊಯಟಿಕ್ಸ್’ನ ಹದಿಮೂರನೆಯ ಅಧ್ಯಾಯದಲ್ಲಿ ದುರಂತಕ್ಕೆ ಯಾವ ಕಥೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಜರಡಿ ಹಿಡಿಯುತ್ತಾನೆ. ತಪ್ಪಿಲ್ಲದ ಒಳ್ಳೆಯವನು ಸುಖದಿಂದ ದುಃಖಕ್ಕೆ ಬೀಳುವುದನ್ನು ತೋರಿಸಬಾರದು; ಅದು ಭಯವನ್ನೂ ಹುಟ್ಟಿಸುವುದಿಲ್ಲ, ಕರುಣೆಯನ್ನೂ ಹುಟ್ಟಿಸುವುದಿಲ್ಲ; ಅದು ‘ಮಿಯರಾನ್’ ಎನ್ನುತ್ತಾನೆ. ಇಂಗ್ಲಿಷ್ ಅನುವಾದಕರು ಈ ಶಬ್ದವನ್ನು ಆಘಾತಕರ, ಅಸಹ್ಯಕರ ಎಂದೆಲ್ಲ ಮೆತ್ತಗೆ ಮಾಡಿ ಇಟ್ಟಿದ್ದಾರೆ. ಬೇರಿನ ಅರ್ಥ ಏನು ಗೊತ್ತೆ ಗೆಳೆಯರೆ? ಕಲೆ ಹತ್ತಿದ್ದು. ಕೆಟ್ಟದ್ದು ತಾಗಿದ್ದು. ನಮ್ಮ ಮಾತಿನಲ್ಲಿ ಹೇಳಬೇಕಾದರೆ, ಮೈಲಿಗೆ.

ತಪ್ಪಿಲ್ಲದವನ ನೋವು ಮೈಲಿಗೆ. ಅದನ್ನು ಮುಟ್ಟಿದರೆ ನಾಟಕ ಕೆಡುತ್ತದೆ.

ಇನ್ನು ಕೆಥಾರ್ಸಿಸ್ ಎಂಬ ಶಬ್ದ ನೋಡಿರಿ. ವೈದ್ಯರ ಬಾಯಲ್ಲಿ ಅದು ವಿರೇಚನ, ಹೊಟ್ಟೆ ತೊಳೆಯುವುದು. ಗುಡಿಯ ಬಾಯಲ್ಲಿ ಶುದ್ಧಿ, ಮೈಲಿಗೆ ಕಳೆಯುವುದು. ಒಂದು ಕಡೆ ಮಿಯರಾನ್, ಇನ್ನೊಂದು ಕಡೆ ಕೆಥಾರ್ಸಿಸ್: ಮೈಲಿಗೆ ಮತ್ತು ಮಡಿ. ಜಗತ್ತಿನ ಯುನಿವರ್ಸಿಟಿಗಳೆಲ್ಲ ಪಾಠ ಹೇಳುವ ದುರಂತ ಸಿದ್ಧಾಂತ ನಿಂತಿರುವುದು ನಮ್ಮ ಊರಿನ ಹಳೆಯ ಜೋಡಿಯ ಮೇಲೆ. ಅದೇ ಪುಸ್ತಕದ ಹದಿನೈದನೆಯ ಅಧ್ಯಾಯದಲ್ಲಿ ಹೆಂಗಸೂ ಒಳ್ಳೆಯವಳಾಗಿರಬಹುದು, ಗುಲಾಮನೂ ಒಳ್ಳೆಯವನಾಗಿರಬಹುದು, ಆದರೆ ಹೆಂಗಸು ಕೆಳಗಿನವಳು, ಗುಲಾಮನಂತೂ ಪೂರಾ ನಿಕೃಷ್ಟ ಎಂಬ ಮಾತಿದೆ. ಅಷ್ಟು ಉದಾರ ಮನಸ್ಸು!

ಗ್ರೀಕರಿಗೆ ಅನ್ಯಾಯ ಮಾಡುವುದು ಬೇಡ. ಅವರ ಮೈಲಿಗೆ ಹುಟ್ಟಿನಿಂದ ಹತ್ತುವಂಥದ್ದಲ್ಲ. ಕೊಂದವನಿಗೆ ಹತ್ತುವುದು. ಈಡಿಪಸ್ ಅಪ್ಪನನ್ನು ಕೊಂದದ್ದಕ್ಕೆ ಇಡೀ ಥೀಬ್ಸ್ ಪಟ್ಟಣಕ್ಕೆ ರೋಗ ಬಡಿಯುತ್ತದೆ. ಕೊಂದವನನ್ನು ಊರ ಹೊರಗೆ ಹಾಕಿದ ಹೊರತು ಊರು ಶುದ್ಧವಾಗುವುದಿಲ್ಲ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಕೊಂದವನು ಊರೊಳಗೆ, ಸತ್ತವನ ಮನೆಯವರು ಊರ ಹೊರಗೆ.

ಹ್ಯೂಬ್ರಿಸ್‌ದೂ ಇದೇ ಕಥೆ. ನಾಯಕನ ಅಹಂಕಾರ ಎಂದು ಕಲಿತೆವು, ಊರ ಭಾಷೆಯಲ್ಲಿ ಸೊಕ್ಕು. ಕೇರಿಯ ಹುಡುಗ ಇಸ್ತ್ರಿ ಅಂಗಿ ಹಾಕಿದರೆ ‘ಸೊಕ್ಕ ಬಂದೈತಿ’, ಮದುಮಗ ಕುದುರೆ ಹತ್ತಿದರೆ ‘ಸೊಕ್ಕ ಬಂದೈತಿ’. ಆದರೆ ಅಥೆನ್ಸಿನ ಕಾನೂನಿನಲ್ಲಿ ಹ್ಯೂಬ್ರಿಸ್ ಒಂದು ಅಪರಾಧದ ಹೆಸರು: ಬಲವಿದ್ದವನು ಇನ್ನೊಬ್ಬನನ್ನು ಹೊಡೆದು ಬಡಿದು ನಾಚಿಕೆಗೀಡು ಮಾಡಿ ಅದರಲ್ಲಿ ಸುಖಪಡುವುದು. ಗುಲಾಮನ ಮೇಲೆ ಮಾಡಿದರೂ ಅದು ಅಪರಾಧವೇ. ಅಂದರೆ ಈ ಶಬ್ದದ ನಿಜವಾದ ಕನ್ನಡ 1989ರ ದೌರ್ಜನ್ಯ ತಡೆ ಕಾಯದೆಯಲ್ಲಿ ಇದೆ. ನಾಟಕಶಾಲೆಗೆ ಬರುವಷ್ಟರಲ್ಲಿ ಅದು ಹೊಡೆದವನ ಗುಣವಾಗಿ ಉಳಿಯದೆ ಬಿದ್ದವನ ಗುಣವಾಗಿಬಿಟ್ಟಿತು.

ಇಲ್ಲಿ ನಮ್ಮೊಳಗೇ ಒಂದು ಜಗಳವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸತ್ತ ನಮ್ಮವರಲ್ಲಿ ತಪ್ಪು ಹುಡುಕಬೇಡಿರಿ ಎನ್ನುವುದು ನ್ಯಾಯ. ಆದರೆ ನಮ್ಮವರಲ್ಲಿ ತಪ್ಪೇ ಇಲ್ಲ ಎಂದು ಬರೆಯಲು ಕೂತರೆ ರಂಗದ ಮೇಲೆ ಬರುವುದು ಮನುಷ್ಯರಲ್ಲ, ಮಣ್ಣಿನ ಗೊಂಬೆಗಳು. ಹೊಡೆಸಿಕೊಳ್ಳಲಿಕ್ಕೆ ಬಂದ ಗೊಂಬೆ, ಸಾಯಲಿಕ್ಕೆ ಬಂದ ಗೊಂಬೆ. ಮ್ಯಾಕ್‌ಬೆತ್ ತಪ್ಪು ಮಾಡಬಲ್ಲ, ಏಕೆಂದರೆ ಅವನ ಮುಂದೆ ಎರಡು ದಾರಿ ಇವೆ. ತಪ್ಪು ಮಾಡುವ ಸ್ವಾತಂತ್ರ್ಯವೂ ಮನುಷ್ಯನ ಘನತೆಯ ಒಂದು ಪಾಲು. ಒಥೆಲೋನನ್ನು ನೋಡಿರಿ: ಕರಿಯ, ಹೊರಗಿನವನು. ಯುದ್ಧಕ್ಕೆ ವೆನಿಸ್‌ನವರಿಗೆ ಅವನು ಬೇಕು, ಬಿಳಿಯ ಹುಡುಗಿ ಅವನನ್ನು ಮದುವೆಯಾದರೆ ಮಾತ್ರ ಮಾಟ ಮಾಡಿದನೆಂಬ ದೂರು. ಅವನನ್ನು ಬರೀ ಬಲಿಪಶು ಮಾಡಿದ್ದರೆ ಆ ನಾಟಕ ನಾಲ್ಕು ದಿನ ಬಾಳುತ್ತಿರಲಿಲ್ಲ. ಅವನು ಪ್ರೀತಿಸುತ್ತಾನೆ, ಸಂಶಯಪಡುತ್ತಾನೆ, ತಪ್ಪಿಲ್ಲದ ಹೆಣ್ಣನ್ನು ತನ್ನ ಕೈಯಿಂದಲೇ ಕೊಲ್ಲುತ್ತಾನೆ. ಅವನ ತಪ್ಪು ಅವನದೇ. ಆದರೆ ಆ ತಪ್ಪಿನ ಬೀಜ ಬಿತ್ತಿದ ನೆಲ ವೆನಿಸ್‌ನದು. ನಮ್ಮ ದೇವನೂರ ಮಹಾದೇವ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರನ್ನೆಲ್ಲ ಕೂಡಿಸಿ ಕದ್ದ ಕಡಲೆಕಾಯಿ ತಿನ್ನಿಸಿದರಲ್ಲ, ಅಲ್ಲಿ ಯಾರೂ ಸಂತರಲ್ಲ. ಕದ್ದದ್ದು ಹೌದು, ತಿಂದದ್ದು ಹೌದು, ಆ ರಾತ್ರಿಯ ಸುಖವೂ ಹೌದು. ಓದುವವನ ಬಾಯಿಂದ ‘ಅವರದೂ ತಪ್ಪಿತ್ತು ಬಿಡಿ’ ಎಂಬ ಮಾತು ಮಾತ್ರ ಹೊರಡುವುದಿಲ್ಲ. ತಪ್ಪು ಇಟ್ಟುಕೊಂಡೂ ಮನುಷ್ಯರನ್ನು ಕಟಕಟೆಗೆ ಹತ್ತಿಸದೆ ತೋರಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆರ್ಥರ್ ಮಿಲ್ಲರ್ 1949ರಲ್ಲಿ ಸಾಮಾನ್ಯ ಮನುಷ್ಯನೂ ದುರಂತ ನಾಯಕನಾಗಬಲ್ಲ ಎಂದು ಬರೆದ. ತನ್ನ ಘನತೆಗೆ ಪೆಟ್ಟು ಬಿದ್ದಾಗ ಸುಮ್ಮನೆ ಕೂಡಲಾರದಿರುವುದೇ ಅವನ ದೋಷ ಎಂದ. ಒಳ್ಳೆಯ ಮಾತು, ಅರ್ಧ ಮಾತು. ಅದನ್ನು ದೋಷ ಎಂದು ಕರೆಯುವ ಚಾಳಿಯನ್ನು ಅವನೂ ಬಿಡಲಿಲ್ಲ.

ಬಸವಣ್ಣ ಹುಟ್ಟಿದ ಬಾಗೇವಾಡಿಯ ನೆಲದವರು ನಾವು. ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆ ನಮಗೆ ಪುಸ್ತಕದಿಂದ ಬಂದದ್ದಲ್ಲ, ಭಜನೆಯಿಂದ, ಪುರಾಣದಿಂದ, ಮುತ್ಯಾಂದಿರ ಬಾಯಿಂದ ಬಂದದ್ದು. ಸಮಗಾರ ಹರಳಯ್ಯ ‘ಶರಣು’ ಎಂದ. ಬಸವಣ್ಣ ‘ಶರಣು ಶರಣಾರ್ಥಿ’ ಎಂದ. ತಾನಂದದ್ದು ಒಂದು, ಬಂದದ್ದು ಎರಡು. ಹೆಚ್ಚು ಬಂದ ಈ ಒಂದು ಶರಣಿನ ಸಾಲ ತೀರಿಸಲು ಹರಳಯ್ಯನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ತೊಗಲು ತೆಗೆದು ಜೋಡು ಹೊಲಿದರು ಎನ್ನುತ್ತದೆ ಕಥೆ. ಆಮೇಲೆ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವಯ್ಯನ ಮಗಳಿಗೂ ಮದುವೆಯಾಯಿತು. ಬಿಜ್ಜಳ ಬೀಗರಿಬ್ಬರನ್ನೂ ಹಿಡಿಸಿದ. ಕಣ್ಣು ಕೀಳಿಸಿದ ಎನ್ನುವವರಿದ್ದಾರೆ, ಆನೆಯ ಕಾಲಿಗೆ ಕಟ್ಟಿ ಎಳೆಹೂಟೆ ಮಾಡಿಸಿದ ಎನ್ನುವವರಿದ್ದಾರೆ.

ಇದರ ಮೇಲೆ ಕನ್ನಡದಲ್ಲಿ ಒಳ್ಳೊಳ್ಳೆಯ ನಾಟಕಗಳು ಬಂದವು. ಲಂಕೇಶರ ‘ಸಂಕ್ರಾಂತಿ’ 1971ರಲ್ಲಿ, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ 1986ರಲ್ಲಿ, ಕಾರ್ನಾಡರ ‘ತಲೆದಂಡ’ 1990ರಲ್ಲಿ. ಪರೀಕ್ಷೆಯಲ್ಲಿ ಪ್ರಶ್ನೆ ಬೀಳುವುದು ಹೀಗೆ: ಬಿಜ್ಜಳ ದುರಂತ ನಾಯಕನೇ? ಬಸವಣ್ಣ ದುರಂತ ನಾಯಕನೇ? ಹರಳಯ್ಯನ ಹೆಸರಿನಲ್ಲಿ ಆ ಪ್ರಶ್ನೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ಬೀಳುವುದೂ ಇಲ್ಲ, ಏಕೆಂದರೆ ಅವನಿಗೆ ದೋಷವಿಲ್ಲ. ಮಗನ ಮದುವೆ ಮಾಡಿದ, ಅಷ್ಟೆ. ಅದು ಹ್ಯಾಮರ್ಶಿಯಾ ಎಂದರೆ ನಮ್ಮ ಜಿಲ್ಲೆಯ ಅಪ್ಪಂದಿರೆಲ್ಲ ದುರಂತ ನಾಯಕರೇ. ಬಿಜ್ಜಳ ಸತ್ತ, ಬಸವಣ್ಣ ಕೂಡಲಸಂಗಮಕ್ಕೆ ಹೋದ, ಕಲ್ಯಾಣ ಕೆಟ್ಟಿತು. ಇದೆಲ್ಲ ಪೆರಿಪೆಟಿಯಾ, ಇದಕ್ಕೆ ಮಾರ್ಕು ಉಂಟು. ಮೊದಲು ಸತ್ತವನು ಕಥೆಗೆ ಕಾರಣ ಮಾತ್ರ.

2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ನಾವಾಗ ಹುಟ್ಟಿದ್ದೆವೋ ಇಲ್ಲವೋ ಎನ್ನುವಂತಿದ್ದೆವು. ನಾಡೆಲ್ಲ ಅತ್ತಿತು ಎಂದು ಹಿರಿಯರು ಹೇಳುತ್ತಾರೆ. ಕವಿತೆಗಳು ಬಂದವು, ಮಂತ್ರಿಗಳು ಬಂದರು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ, ಕೊಂದವರು ಯಾರೂ ಇಲ್ಲ. ಆ ದಿನ ಅತ್ತವರ ಕೆಥಾರ್ಸಿಸ್ ಪೂರ್ತಿಯಾಗಿತ್ತೆ? ಆಗಿರಬೇಕು. ಅತ್ತು ಹಗುರಾದ ಮನಸ್ಸಿಗೆ ಕೋರ್ಟಿನ ತಾರೀಖು ನೆನಪಿರುವುದಿಲ್ಲ. ನಮ್ಮ ಸಾವು ಯಾರದೋ ಮನಸ್ಸು ತೊಳೆಯುವ ನೀರಾಗುವುದಾದರೆ ಆ ನಾಟಕ ನಮಗೆ ಬೇಡ. ಬ್ರೆಕ್ಟ್ ಎಂಬ ಜರ್ಮನ್ ನಾಟಕಕಾರ ಇದಕ್ಕೇ ಜನ ಅಳದಂತೆ, ಎಚ್ಚರವಾಗಿ ಕೂತು ಯೋಚಿಸುವಂತೆ ನಾಟಕ ಕಟ್ಟಲು ಹೊರಟ. ನಮಗೆ ಅಳುವೂ ಬೇಕು. ಅತ್ತ ಮೇಲೆ ಹಗುರಾಗದಂಥ ಅಳು.

ಅಂಥದ್ದೊಂದು ಶೇಕ್ಸ್‌ಪಿಯರನಲ್ಲೇ ಇದೆ, ‘ಕಿಂಗ್ ಲಿಯರ್’ನಲ್ಲಿ. (ಎಂ.ಎಸ್. ಪುಟ್ಟಣ್ಣನವರು ಇದನ್ನು ಬಹಳ ಹಿಂದೆಯೇ ‘ಹೇಮಚಂದ್ರರಾಜ ವಿಲಾಸ’ ಎಂದು ಕನ್ನಡಕ್ಕೆ ತಂದರು. ಇದಕ್ಕೆ ವಿಲಾಸ ಎಂಬ ಹೆಸರು!) ಮೂರನೆಯ ಅಂಕದ ಏಳನೆಯ ದೃಶ್ಯ. ಮುದುಕ ಗ್ಲಾಸ್ಟರ್‌ನನ್ನು ಅವನ ಮನೆಯಲ್ಲೇ ಕುರ್ಚಿಗೆ ಬಿಗಿದಿದ್ದಾರೆ. ಲಿಯರನ ಅಳಿಯ ಕಾರ್ನ್‌ವಾಲ್ ಅವನ ಒಂದು ಕಣ್ಣು ಕೀಳುತ್ತಾನೆ. ಇನ್ನೊಂದಕ್ಕೆ ಕೈ ಹಾಕುವಾಗ ಕಾರ್ನ್‌ವಾಲ್‌ನ ಆಳೊಬ್ಬ ನಡುವೆ ಬರುತ್ತಾನೆ. ಪಾತ್ರಗಳ ಪಟ್ಟಿಯಲ್ಲಿ ಅವನಿಗೆ ಹೆಸರಿಲ್ಲ, ‘ಮೊದಲನೆಯ ಆಳು’ ಅಷ್ಟೆ. ಸಣ್ಣವನಿದ್ದಾಗಿನಿಂದ ನಿನ್ನ ಚಾಕರಿ ಮಾಡಿದ್ದೇನೆ, ಈಗ ನಿನ್ನ ಕೈ ತಡೆಯುವುದಕ್ಕಿಂತ ದೊಡ್ಡ ಚಾಕರಿ ಇಲ್ಲ ಎಂಬರ್ಥದ ಮಾತಾಡುತ್ತಾನೆ. ಕತ್ತಿ ಹಿರಿಯುತ್ತಾನೆ. ದಣಿಗೆ ಸಾಯುವ ಗಾಯ ಮಾಡುತ್ತಾನೆ. ದಣಿಯ ಹೆಂಡತಿ ರೀಗನ್ ಹಿಂದಿನಿಂದ ಬಂದು ಅವನನ್ನು ಇರಿಯುತ್ತಾಳೆ. ಮುದುಕನ ಎರಡನೆಯ ಕಣ್ಣೂ ಹೋಗುತ್ತದೆ. ಈ ಗುಲಾಮನನ್ನು ತಿಪ್ಪೆಗೆ ಎಸೆಯಿರಿ ಎಂದು ಕಾರ್ನ್‌ವಾಲ್ ಹೇಳುತ್ತಾನೆ. ಮುಗಿಯಿತು. ಎಲ್ಲ ಸೇರಿ ಹತ್ತು ಸಾಲೂ ಮಾತಿಲ್ಲದ ಪಾತ್ರ.

ಎತ್ತರವಿಲ್ಲ, ದೋಷವಿಲ್ಲ, ಸೊಕ್ಕಿಲ್ಲ. ಇವನ ಗುರಿ ತಪ್ಪಲಿಲ್ಲ. ಅರಿಸ್ಟಾಟಲ್‌ನ ಪ್ರಕಾರ ಇದು ಮಿಯರಾನ್. ಈ ನಾಲ್ಕುನೂರು ವರ್ಷ ಲಿಯರನ ಹುಚ್ಚಿನ ಮೇಲೆ, ಮಳೆಯಲ್ಲಿ ತೊಯ್ದ ಮೇಲೆ ಅವನಿಗೆ ಬಡವರ ನೆನಪಾದದ್ದರ ಮೇಲೆ ರಾಶಿ ರಾಶಿ ಬರೆದಿದ್ದಾರೆ. ರಾಜ ತೊಯ್ದು ಕಲಿತ ಪಾಠವನ್ನು ಈ ಆಳು ಒಣ ಅಂಗಿಯಲ್ಲೇ ಬಲ್ಲವನಾಗಿದ್ದ. ಮುಂದಿನ ಅಂಕದಲ್ಲಿ ಕಾರ್ನ್‌ವಾಲ್ ಸತ್ತ ಸುದ್ದಿ ಬಂದಾಗ ಲಿಯರನ ಇನ್ನೊಬ್ಬ ಅಳಿಯ ಆಲ್ಬನಿ, ಮೇಲೆ ನ್ಯಾಯ ಮಾಡುವವರಿದ್ದಾರೆ ಎಂದು ದೇವರ ಕಡೆ ಕೈ ತೋರಿಸುತ್ತಾನೆ. ಕತ್ತಿ ಹಿಡಿದವನು ಆಳು, ಹೆಸರು ದೇವರಿಗೆ.

ಈ ಕಥೆಯನ್ನು ನಮ್ಮ ಓಣಿಯಲ್ಲಿ ನಿಂಬೆ ತೋಟದ ಕೂಲಿ ಮುಗಿಸಿ ಬಂದು ಕೂತ ಹೆಣ್ಣುಮಕ್ಕಳಿಗೆ ಹೇಳಿದೆವು. ರಾಜ ಮಗಳ ಹೆಣ ಹೊತ್ತು ತರುವುದನ್ನು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಒಬ್ಬಾಕೆ, ‘ಅದು ಖರೆ ತಮ್ಮಾ, ಆ ಆಳ ಮಗನ ಮನ್ಯಾಗ ಯಾರ್ ಇದ್ರು? ಅಂವಗ ಮಣ್ಣ ಯಾರ್ ಕೊಟ್ರು?’ ಎಂದು ಕೇಳಿದಳು. ನಾವು ಓದಿದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಇರಲಿಲ್ಲ. ಮತ್ತೆ ನಾಟಕ ತೆಗೆದು ಹುಡುಕಿದೆವು. 1608ರಲ್ಲಿ ಅಚ್ಚಾದ ಪ್ರತಿಯಲ್ಲಿ, ದಣಿಗಳು ಒಳಗೆ ಹೋದ ಮೇಲೆ ಇನ್ನಿಬ್ಬರು ಆಳುಗಳು ಹಿಂದೆ ಉಳಿಯುತ್ತಾರೆ. ಮುದುಕನ ಕಣ್ಣ ಗುಣಿಗೆ ಹಚ್ಚಲಿಕ್ಕೆ ನಾರು ಮತ್ತು ತತ್ತಿಯ ಬಿಳಿ ತರುವ ಮಾತಾಡುತ್ತಾರೆ, ಅವನನ್ನು ಕೈಹಿಡಿದು ನಡೆಸುವವರು ಯಾರೆಂದು ಯೋಚಿಸುತ್ತಾರೆ. 1623ರ ದೊಡ್ಡ ಸಂಪುಟದಲ್ಲಿ ಆ ಮಾತುಗಳೂ ಇಲ್ಲ. ತಿಪ್ಪೆಯ ಮೇಲೆ ಬಿದ್ದವನನ್ನು ಯಾರು ಎತ್ತಿದರು ಎಂಬುದು ಎರಡೂ ಪ್ರತಿಗಳಲ್ಲಿ ಇಲ್ಲ.